ರೈಲುಮಾರ್ಗವೂ ಬಂದರುಗಳ ಏಳಿಗೆಯೂ: ಒಳನಾಡಿನ ಹಿಡುವಳಿದಾರರು ತಿಳಿಯತಕ್ಕ ಸಂಗತಿಗಳು

ಒಕ್ಕಲಿಗನು ಬೆಳೆದ ಪದಾರ್ಥಕ್ಕೆ ಬೆಲೆಯು ಅವನ ಕಣದಲ್ಲಿಯೇ ಗೊತ್ತಾಗುವುದೆಂದು ಅನೇಕರ ಭಾವನೆ. ಆದರೆ ಅರಿಸಿನ, ಹತ್ತಿ, ಕಾಫಿ ಮೊದಲಾಗಿ ದೂರದೇಶದವರು ಕೊಳ್ಳುವ ಪದಾರ್ಥಗಳ ವಿಷಯದಲ್ಲಿ ಇದು ನಿಜವಲ್ಲ. ಇವುಗಳ ಬೆಲೆಯು ಹಡಗು ನಿಲ್ಲುವ ಬಂದರಿನಲ್ಲಿ ಮೊದಲು ಗೊತ್ತಾಗಿ, ಅಲ್ಲಿಂದ ಪೇಟೆಗೂ, ಪೇಟೆಯಿಂದ ಹಳ್ಳಿಗೂ ಇಳಿದು ಬರುವುದು. ಬರುವ ದಾರಿಯಲ್ಲಿ ಹಡಗಿಗೆ ಏರಿಸುವ ಕೂಲಿ, ರೈಲಿನ ಅಥವಾ ಲಾರಿಯ ಬಾಡಿಗೆ, ಮಂಡಿಯ ದಲ್ಲಾಳಿ, ಗಾಡಿಯ ಬಾಡಿಗೆ ಇವೆಲ್ಲವೂ ಒಂದೊಂದಾಗಿ ಕಳೆದು, ಉಳಿದುದು ಮಾತ್ರವೇ ಬೆಳೆದವನ ಕೈಸೇರುವುದು. ಬಂದರಿನಲ್ಲಿ 100 ರೂಪಾಯಿ ಬೆಲೆಯುಳ್ಳ ಸರಕಿಗೆ ದಾರಿಯ ವೆಚ್ಚವು 30 ರೂಪಾಯಿಯಾದರೆ ಒಕ್ಕಲಿಗನಿಗೆ 70 ರೂಪಾಯಿ ದೊರೆಯುವುದು. ಅದೇ ವೆಚ್ಚವು 10 ರೂಪಾಯಿಗೆ ಇಳಿದರೆ 90 ರೂಪಾಯಿ ದೊರೆಯುವುದು. ಭೂಮಿ ಅದೇ, ಗೊಬ್ಬರ ಅದೇ, ದುಡಿಮೆ ಅದೇ. ವ್ಯತ್ಯಾಸವು ದಾರಿಯಿಂದ ಉಂಟಾದದ್ದು.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಮೇಲಿರುವ ಮಧುವನಹಳ್ಳಿ ಮತ್ತು ಅದರ ನೆರೆಯ ಗ್ರಾಮಗಳವರಿಗೆ ಸಮುದ್ರವು ದೂರ. ರೈಲು ಸಹ ದೂರವೇ. ಕೊಳ್ಳೇಗಾಲದಿಂದ ಚಾಮರಾಜನಗರದ ಸ್ಟೇಷನ್ನಿಗೆ ಸುಮಾರು 40 ಕಿಲೋಮೀಟರು ರಸ್ತೆಯ ಪ್ರಯಾಣವಿರುತ್ತದೆ. ಹೀಗಿರುವಲ್ಲಿ ಬಂದರುಗಳ ವಿಚಾರವು ತಮಗೇತಕ್ಕೆಂದು ಇಲ್ಲಿಯ ಹಿಡುವಳಿದಾರರು ಕೇಳಬಹುದು. ಬಂದರುಗಳ ಚರಿತ್ರೆಯನ್ನು ನೋಡಿದರೆ, ರೈಲು ಬಂದ ಕಡೆ ವ್ಯಾಪಾರವು ಹೇಗೆ ಕೂಡಿತು, ರೈಲು ತಪ್ಪಿದ ಕಡೆ ಅದು ಎಷ್ಟು ಬೇಗ ಬರಿದಾಯಿತು ಎಂಬುದು ಸ್ಪಷ್ಟವಾಗುವುದು. ಆ ಪಾಠವು ಬಂದರಿಗೆ ಹೇಗೋ ಹಾಗೆ ಒಳನಾಡಿನ ಪೇಟೆಗೂ ಹಳ್ಳಿಗೂ ಅನ್ವಯಿಸುವುದು.

ಬಂದರು ಬೆಳೆಯುವ ಬಗೆ

ಬಂದರು ಬೆಳೆಯಬೇಕಾದರೆ ಮೂರು ಅನುಕೂಲತೆಗಳು ಬೇಕು. ಹಡಗು ದಡಕ್ಕೆ ಬಂದು ನಿಲ್ಲುವಷ್ಟು ಆಳವಾದ, ಅಲೆಯ ಹೊಡೆತವಿಲ್ಲದ ನೀರು ಮೊದಲನೆಯದು. ಹಡಗಿಗೆ ತುಂಬಲು ಸರಕನ್ನು ಒದಗಿಸುವ ವಿಸ್ತಾರವಾದ ಒಳನಾಡು ಎರಡನೆಯದು. ಈ ಎರಡನ್ನೂ ಕೂಡಿಸುವ ದಾರಿಯು ಮೂರನೆಯದು. ಪಶ್ಚಿಮ ಕರಾವಳಿಯಲ್ಲಿ ಮೊದಲಿನ ಎರಡು ಅನುಕೂಲತೆಗಳು ಅನೇಕ ಕಡೆಗಳಲ್ಲಿ ಉಂಟು. ಮೂರನೆಯದಕ್ಕೆ ಮಾತ್ರ ಘಟ್ಟಗಳು ಅಡ್ಡವಾಗಿ ನಿಂತಿವೆ.

ಎರಡೆತ್ತಿನ ಗಾಡಿಯು ಹೇರು ಹೊತ್ತು ಒಳ್ಳೆಯ ರಸ್ತೆಯಲ್ಲಿ ದಿನಕ್ಕೆ 12ರಿಂದ 15 ಮೈಲಿಗಿಂತ ಹೆಚ್ಚು ನಡೆಯಲಾರದು. ದಾರಿಯುದ್ದಕ್ಕೂ ಎತ್ತುಗಳಿಗೆ ಮೇವು ನೀರು ಬೇಕು, ಗಾಡಿಯವನಿಗೆ ಊಟ ಬೇಕು. ಘಟ್ಟದಲ್ಲಿ ಹೇರನ್ನು ಕಡಿಮೆ ಮಾಡಬೇಕು; ಮಳೆಗಾಲದಲ್ಲಿ ಗಾಡಿಯನ್ನೇ ನಿಲ್ಲಿಸಬೇಕು. ಇಂದಿನ ಒಂದು ಸರಕುರೈಲು 2,000 ಟನ್ನಿಗೂ ಮೀರಿದ ಹೊರೆಯನ್ನು ಒಂದೇ ಸಲಕ್ಕೆ ಎಳೆದುಕೊಂಡು ಹೋಗುವುದು. ರೇಷ್ಮೆಯಂತಹ, ತೂಕ ಕಡಿಮೆಯಾಗಿ ಬೆಲೆ ಹೆಚ್ಚಾಗಿರುವ ಸರಕು ಗಾಡಿಯ ಬಾಡಿಗೆಯನ್ನು ತಾಳಿಕೊಳ್ಳಬಲ್ಲದು. ರಾಗಿ, ಜೋಳ, ಹತ್ತಿ, ಹೆಂಚುಗಳಂತಹ ಭಾರವಾದ ಸರಕು ಅದನ್ನು ತಾಳಲಾರದು.

ಆಹಾರದ ವಿಷಯದಲ್ಲಿ ಈ ವ್ಯತ್ಯಾಸವು ಪ್ರಾಣಕ್ಕೇ ಸಂಬಂಧಿಸಿದ್ದು. 1876-78ರ ಮಹಾಕ್ಷಾಮದಲ್ಲಿ ಮದ್ರಾಸಿನ ಬಂದರಿಗೆ ಹಡಗುಗಳಲ್ಲಿ ಧಾನ್ಯವು ಬಂದು ರೈಲಿನ ಮೂಲಕ ಬೆಂಗಳೂರಿಗೆ ತಲಪಿತು. ರೈಲು ಮುಗಿದ ಸ್ಥಳದಿಂದ ಮುಂದೆ ಅದನ್ನು ಸಾಗಿಸಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಆ ಕ್ಷಾಮದ ತರುವಾಯ ಕೈಗೊಂಡ ಬೆಂಗಳೂರು-ಮೈಸೂರು ರೈಲುಮಾರ್ಗವು 1882ರಲ್ಲಿ ಮೈಸೂರನ್ನು ಮುಟ್ಟಿತು.

ಬೇಪೂರು, ಕಲ್ಲಿಕೋಟೆ ಮತ್ತು ಕೊಚ್ಚಿ

ಕೊಳ್ಳೇಗಾಲದ ಸೀಮೆಯು 1956ರವರೆಗೆ ಮದ್ರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಆ ಜಿಲ್ಲೆಯನ್ನು ಹಾದುಹೋದ ಮದ್ರಾಸ್ ರೈಲ್ವೆಯು ದಕ್ಷಿಣದೇಶದಲ್ಲಿ ಪೂರ್ವ ಸಮುದ್ರವನ್ನೂ ಪಶ್ಚಿಮ ಸಮುದ್ರವನ್ನೂ ಕೂಡಿಸಿದ ಮೊದಲ ಮಾರ್ಗವಾಗಿರುತ್ತದೆ. ಘಟ್ಟಗಳು ತಗ್ಗಾಗಿರುವ ಪಾಲ್ಘಾಟಿನ ಕಣಿವೆಯ ಮೂಲಕ ಅದು ಮಲಬಾರಿನ ಬೇಪೂರನ್ನು ಸೇರಿತು. ಬೇಪೂರಿನ ಕಡೆಯ ಮಾರ್ಗವು 1861ರಲ್ಲಿ ತೆರೆಯಲ್ಪಟ್ಟು, 1862ರ ವೇಳೆಗೆ ಮದ್ರಾಸಿನವರೆಗೆ ಪೂರ್ಣವಾಯಿತು.

ರೈಲಿನ ಕೊನೆಯ ಸ್ಟೇಷನ್ನಾಗಿದ್ದಷ್ಟು ಕಾಲ ಬೇಪೂರಿಗೆ ಸಲ್ಲುತ್ತಿದ್ದ ಮಹತ್ವವು ಮುಂದೆ ಉಳಿಯಲಿಲ್ಲ. 1888ರಲ್ಲಿ ಮಾರ್ಗವು ಕಲ್ಲಿಕೋಟೆಯವರೆಗೆ ಬೆಳೆಯಿತು. ಕಲ್ಲಿಕೋಟೆಯು ಬಹುಕಾಲದಿಂದ ವರ್ತಕರು ನೆಲೆಸಿದ ಪಟ್ಟಣವಾದದ್ದರಿಂದ ಸರಕು ಅಲ್ಲಿಗೇ ಹರಿಯಿತು. ಬೇಪೂರಿನ ನದೀಮುಖವು ಮೊದಲು ಹೇಗಿತ್ತೋ ಹಾಗೆಯೇ ಇದ್ದಿತು. ರೈಲಿನ ಕೊನೆಯು ಮಾತ್ರ ಕೆಲವು ಮೈಲಿಗಳಷ್ಟು ಮುಂದಕ್ಕೆ ಹೋಯಿತು. ಅಷ್ಟರಿಂದಲೇ ವ್ಯಾಪಾರದ ಸ್ಥಾನವು ಬದಲಾಯಿತು.

ಅದೇ ಕರಾವಳಿಯ ಕೊಚ್ಚಿಯು ಮುಂದೆ ಇವೆರಡನ್ನೂ ಮೀರಿಸಿತು. ಕೊಚ್ಚಿ ಸಂಸ್ಥಾನದವರು ಶೋರನೂರಿನಿಂದ ಎರ್ನಾಕುಲಕ್ಕೆ ಹಾಕಿಸಿದ ರೈಲುಮಾರ್ಗವು 1902ರಲ್ಲಿ ತೆರೆಯಿತು. 1920ರಿಂದ ರಾಬರ್ಟ್ ಬ್ರಿಸ್ಟೊ ಎಂಬ ಇಂಜಿನಿಯರು ಅಳಿವೆಯ ಅಡ್ಡಲಾಗಿದ್ದ ಮರಳಿನ ದಿಬ್ಬವನ್ನು ಕಡಿಸಿ ಒಳಬಂದರನ್ನು ನಿರ್ಮಿಸಿದರು. 1936ರಲ್ಲಿ ಕೊಚ್ಚಿಯು ಪ್ರಧಾನ ಬಂದರೆಂದು ಘೋಷಿಸಲ್ಪಟ್ಟಿತು. ಆಳವಾದ ನೀರೂ ರೈಲೂ ಒಂದೇ ಸ್ಥಳದಲ್ಲಿ ಕೂಡಿದ್ದೇ ಅದರ ಏಳಿಗೆಗೆ ಕಾರಣವು.

ಕುಮಟಾ, ಕಾರವಾರ ಮತ್ತು ಮರ್ಮಗೋವೆ

ಕನ್ನಡನಾಡಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಪಾಠವು ಉತ್ತರ ಕನ್ನಡ ಜಿಲ್ಲೆಯಲ್ಲಿ ದೊರೆಯುವುದು. ಹುಬ್ಬಳ್ಳಿ, ಧಾರವಾಡ, ಗದಗಿನ ಎರೆಭೂಮಿಯ ಹತ್ತಿಯು ಹಿಂದೆ ಗಾಡಿಗಳಲ್ಲಿ ಶಿರಸಿಗೆ ಬಂದು, ದೇವಿಮನೆ ಘಟ್ಟವನ್ನಿಳಿದು, ಕುಮಟೆಯ ಬಂದರಿನಿಂದ ದೋಣಿಗಳಲ್ಲಿ ಮುಂಬಯಿಗೆ ಹೋಗುತ್ತಿದ್ದಿತು. ಈ ಕಾರಣದಿಂದಲೇ ಧಾರವಾಡ ಸೀಮೆಯ ನಾಟಿ ಹತ್ತಿಗೆ ವರ್ತಕರಲ್ಲಿ ಕುಮಟಾ ಹತ್ತಿಯೆಂದು ಹೆಸರಾಯಿತು. ಕುಮಟೆಯ ಹೊಲಗಳಲ್ಲಿ ಬೆಳೆಯದ ಬೆಳೆಗೆ ಕುಮಟೆಯ ಹೆಸರು ಬಂದುದು ಬಂದರಿನ ಪ್ರಭಾವವನ್ನು ತೋರಿಸುವುದು.

1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಿಂದ ಆ ದೇಶದ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ದೊರೆಯದೆ ಹೋಗಿ, ಹಿಂದೂಸ್ಥಾನದ ಹತ್ತಿಗೆ ಅಪಾರವಾದ ಬೆಲೆ ಬಂದಿತು. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಗಿ, ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು. ಕಾರವಾರದ ಕೊಲ್ಲಿಯು ಗುಡ್ಡ ಮತ್ತು ದ್ವೀಪಗಳ ಮರೆಯಲ್ಲಿರುವ ಉತ್ತಮವಾದ ನೈಸರ್ಗಿಕ ಬಂದರು. ಇಲ್ಲಿಂದ ಹುಬ್ಬಳ್ಳಿಗೆ ರೈಲು ಹಾಕಬೇಕೆಂದು ಆ ಕಾಲದಲ್ಲಿ ಯೋಜನೆಗಳು ನಡೆದವು, ಒಂದೂ ಕೈಗೂಡಲಿಲ್ಲ.

ಈ ಮಧ್ಯೆ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, ಗೋವೆಯ ಮರ್ಮಗೋವೆಯಲ್ಲಿ ಬಂದರನ್ನೂ ಅಲ್ಲಿಂದ ಘಟ್ಟದ ಮೇಲಕ್ಕೆ ರೈಲನ್ನೂ ಮಾಡುವುದೆಂದು ಗೊತ್ತಾಯಿತು. ಘಟ್ಟದ ಮೇಲಿನ ಕಡೆಯಿಂದ ಸದರ್ನ್ ಮರಾಠಾ ರೈಲ್ವೆಯವರು ಹುಬ್ಬಳ್ಳಿಯಿಂದ ಲೋಂಡಾ ಮಾರ್ಗವಾಗಿ ಕ್ಯಾಸಲ್ ರಾಕಿಗೆ ಹಳಿಯನ್ನು ತಂದರು. 1888ರಲ್ಲಿ ಎರಡು ಮಾರ್ಗಗಳೂ ಕೂಡಿದವು. ಹುಬ್ಬಳ್ಳಿಯ ಹತ್ತಿಯು ಘಟ್ಟದ ಗಾಡಿಯನ್ನು ಬಿಟ್ಟು ರೈಲನ್ನೇರಿತು. ಕುಮಟೆಯ ಹತ್ತಿಯ ವ್ಯಾಪಾರವು ಕುಸಿಯಿತು. ಕಾರವಾರವು ಒಳ್ಳೆಯ ನೀರಿದ್ದರೂ ಹಿಂದುಳಿಯಿತು. ಘಟ್ಟದ ದಾರಿಯಲ್ಲಿ ಗಾಡಿ ಹೊಡೆದು ಜೀವಿಸುತ್ತಿದ್ದವರಿಗೂ, ದಾರಿಬದಿಯ ತಂಗುದಾಣಗಳ ಅಂಗಡಿಯವರಿಗೂ ಆ ವರಮಾನವು ತಪ್ಪಿತು. ವರ್ತಕರ ಬಾಯಲ್ಲಿ ಕುಮಟಾ ಹತ್ತಿಯೆಂಬ ಹೆಸರೊಂದು ಬಹುಕಾಲ ಉಳಿಯಿತು.

ರೈಲನ್ನು ಪಡೆದ ಮರ್ಮಗೋವೆಗೂ ಪೂರ್ಣವಾದ ನೆಮ್ಮದಿ ದೊರೆಯಲಿಲ್ಲ. 1890ರ ವೇಳೆಗೆ ಲೋಂಡಾದಿಂದ ಪುಣೆಯವರೆಗೆ ಮಾರ್ಗವು ತೆರೆದು, ಹುಬ್ಬಳ್ಳಿಯ ಸರಕಿಗೆ ಮುಂಬಯಿಯ ದಾರಿಯೂ ದೊರೆಯಿತು. ಒಳನಾಡಿನ ವರ್ತಕನಿಗೆ ಎರಡು ಬಂದರುಗಳಲ್ಲಿ ಆಯ್ಕೆಯುಂಟಾದರೆ, ಬಾಡಿಗೆ ಕಡಿಮೆಯಾಗಿ ಕೊಳ್ಳುವವರು ಹೆಚ್ಚಾಗಿರುವ ಬಂದರಿಗೇ ಅವನು ಹೋಗುವನು. ಇದರಿಂದ ಬಂದರುಗಳಿಗೆ ಪೈಪೋಟಿಯೂ ಬೆಳೆಗಾರನಿಗೆ ಲಾಭವೂ ಉಂಟಾಗುವುವು.

ಕಾರವಾರಕ್ಕೆ ರೈಲು ಬಂದುದು 1998ರಲ್ಲಿ ಪೂರ್ಣವಾದ ಕೊಂಕಣ ರೈಲ್ವೆಯಿಂದ. ಅದು ಕರಾವಳಿಯ ಉದ್ದಕ್ಕೂ ಹೋಗುವ ಮಾರ್ಗವೇ ಹೊರತು ಘಟ್ಟವನ್ನು ಹತ್ತಿ ಹುಬ್ಬಳ್ಳಿಗೆ ಹೋಗುವ ಮಾರ್ಗವಲ್ಲ. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲಾ ಮಾರ್ಗವು ದಟ್ಟವಾದ ಕಾಡನ್ನು ಹಾದುಹೋಗಬೇಕಾದ ಕಾರಣ ವಿವಾದದಲ್ಲಿ ಸಿಕ್ಕಿ ನಿಂತಿರುತ್ತದೆ. ಬಳ್ಳಾರಿಯ ಕಬ್ಬಿಣದ ಅದಿರು ಕಾರವಾರ ಮತ್ತು ಬೇಲೆಕೇರಿಯ ಬಂದರುಗಳಿಗೆ ಲಾರಿಗಳಲ್ಲಿಯೇ ಹೋಗಬೇಕಾಯಿತು. 2010ರಲ್ಲಿ ರಾಜ್ಯ ಸರ್ಕಾರವು ತನ್ನ ಬಂದರುಗಳಿಂದ ಅದಿರಿನ ರಫ್ತನ್ನು ನಿಲ್ಲಿಸುವವರೆಗೆ ಘಟ್ಟದ ರಸ್ತೆಯೇ ಆ ಭಾರವನ್ನೆಲ್ಲಾ ಹೊತ್ತಿತು.

ಮಂಗಳೂರು

ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಮದ್ರಾಸಿನಿಂದ ಪಾಲ್ಘಾಟ್, ಕಲ್ಲಿಕೋಟೆ, ಕಾಸರಗೋಡುಗಳ ಮೂಲಕ ಸುತ್ತಿಬಂದ ಮಾರ್ಗವದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹೆಂಚಿನ ಕೈಗಾರಿಕೆಗೆ ಇದರಿಂದ ಹೊಸ ಪೇಟೆಗಳು ದೊರೆತವು. ಆದರೆ ನೆತ್ತಿಯ ಮೇಲೆಯೇ ಇದ್ದ ಹಾಸನ, ಕೊಡಗು, ಚಿಕ್ಕಮಗಳೂರುಗಳಿಗೆ ರೈಲಿನ ನಂಟು ಉಂಟಾಗಲಿಲ್ಲ. ಅಲ್ಲಿಯ ಕಾಫಿಯು ಚಾರ್ಮಾಡಿ, ಶಿರಾಡಿ, ಸಂಪಾಜೆಯ ಘಟ್ಟಗಳನ್ನು ರಸ್ತೆಯಲ್ಲಿಯೇ ಇಳಿಯಬೇಕಾಗಿದ್ದಿತು. ಹಳೆಯ ಬಂದರು ನೇತ್ರಾವತಿ ಗುರುಪುರ ನದಿಗಳ ಅಳಿವೆಯಲ್ಲಿದ್ದುದರಿಂದ ದೊಡ್ಡ ಹಡಗುಗಳು ಹೊರಗಿನ ಸಮುದ್ರದಲ್ಲಿ ಲಂಗರು ಹಾಕಿ, ದೋಣಿಗಳಿಂದ ಸರಕನ್ನು ಏರಿಸಿಕೊಳ್ಳುತ್ತಿದ್ದವು. ಮಳೆಗಾಲದಲ್ಲಿ ಆ ಕೆಲಸವು ನಿಲ್ಲುತ್ತಿದ್ದಿತು.

ಸಮುದ್ರತೀರವಿಲ್ಲದ ಮೈಸೂರು ಸಂಸ್ಥಾನಕ್ಕೆ ಈ ಕೊರತೆಯು ಬಹಳವಾಗಿ ತಟ್ಟಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಕಾಲದಲ್ಲಿ ಭಟ್ಕಳವನ್ನು ಸಂಸ್ಥಾನದ ಬಂದರನ್ನಾಗಿ ಮಾಡಿಕೊಳ್ಳುವ ಆಲೋಚನೆಯನ್ನು ಮುಂದಿಟ್ಟರು. ಭಟ್ಕಳವು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆ ಆಲೋಚನೆಯು ಕಾರ್ಯರೂಪಕ್ಕೆ ಬರಲಿಲ್ಲ.

ಕನ್ನಡ ಸೀಮೆಗಳು ಒಂದಾದ ಮೇಲೆ ಕಾರ್ಯವು ಮುಂದುವರಿಯಿತು. ಪಣಂಬೂರಿನಲ್ಲಿ ನಿರ್ಮಿಸಿದ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಧಾನ ಬಂದರುಗಳಲ್ಲಿ ಒಂದೆಂದು ಘೋಷಿಸಲ್ಪಟ್ಟು, 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹಾಸನ-ಮಂಗಳೂರು ರೈಲುಮಾರ್ಗವು 1979ರಲ್ಲಿ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನವರೆಗೆ ಸುಮಾರು 55 ಕಿಲೋಮೀಟರು ಉದ್ದದ ಘಟ್ಟದಲ್ಲಿ 50 ಅಡಿಗೆ 1 ಅಡಿಯಂತೆ ಇಳಿಜಾರು, 57 ಸುರಂಗಗಳು. ಆದರೆ ಮಾರ್ಗವು ಮೀಟರ್ ಗೇಜಿನದಾಗಿದ್ದಿತು. ದೇಶದ ಮುಖ್ಯ ಮಾರ್ಗಗಳು ಬ್ರಾಡ್ ಗೇಜಿಗೆ ಬದಲಾದಾಗ, ಹಳಿಯ ಅಗಲ ಬೇರೆಯಾದ ಕಡೆ ಸರಕನ್ನು ಇಳಿಸಿ ಮತ್ತೆ ಏರಿಸುವುದು ವೆಚ್ಚಕ್ಕೂ ಕಾಲಹರಣಕ್ಕೂ ಕಾರಣವಾಗುವುದು. ಆದುದರಿಂದ 1996ರಲ್ಲಿ ಸಂಚಾರವನ್ನು ನಿಲ್ಲಿಸಿ ಮಾರ್ಗವನ್ನು ಅಗಲಗೊಳಿಸಲಾಯಿತು. ಸರಕುರೈಲು ಮತ್ತೆ ಓಡಿದುದು 2006ರಲ್ಲಿ, ಪ್ರಯಾಣಿಕರ ರೈಲು 2007ರಲ್ಲಿ. ಆ ಹತ್ತು ವರ್ಷಗಳ ಕಾಲ ಬಂದರಿಗೂ ಹಾಸನಕ್ಕೂ ನಡುವೆ ಸರಕೆಲ್ಲವೂ ರಸ್ತೆಯನ್ನೇ ನಂಬಬೇಕಾಯಿತು.

ಎರಡು ಕಡೆಗೂ ತೆರೆಯುವ ಬಾಗಿಲು

ಬಂದರಿನ ಬಾಗಿಲು ಹೊರಕ್ಕೆ ಹೇಗೋ ಒಳಕ್ಕೂ ಹಾಗೆಯೇ ತೆರೆಯುವುದೆಂಬುದನ್ನು ಕೊಳ್ಳೇಗಾಲದವರು ಚೆನ್ನಾಗಿ ಬಲ್ಲರು. ಮದ್ರಾಸ್ ಪ್ರಾಂತದಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮುಖ್ಯ ಪ್ರದೇಶವು ಈ ತಾಲ್ಲೂಕೇ ಆಗಿದ್ದಿತು. 1930ರ ದಶಕದಲ್ಲಿ ಜಪಾನ್ ಮತ್ತು ಚೀನಾದ ಅಗ್ಗವಾದ ರೇಷ್ಮೆಯು ಬಂದರುಗಳಲ್ಲಿ ಇಳಿದು, ರೈಲಿನ ಮೂಲಕ ನೇಕಾರರ ಪೇಟೆಗಳಿಗೆ ತಲಪಿತು. ನಾಡಿನ ರೇಷ್ಮೆಯ ಬೆಲೆಯು ಕುಸಿದು, ಬೆಳೆಗಾರರೂ ನೂಲು ಬಿಚ್ಚುವವರೂ ಸಂಕಟಕ್ಕೊಳಗಾದರು. 1934ರಲ್ಲಿ ಸರ್ಕಾರವು ವಿದೇಶೀ ರೇಷ್ಮೆಯ ಮೇಲೆ ಸಂರಕ್ಷಣೆಯ ಸುಂಕವನ್ನು ವಿಧಿಸಬೇಕಾಯಿತು. ರೈಲಿಲ್ಲದ ಹಳ್ಳಿಗೂ ರೈಲಿನ ಪರಿಣಾಮವು ತಪ್ಪಲಿಲ್ಲ.

ಒಳಕ್ಕೆ ಬರುವ ಸರಕಿನಲ್ಲಿ ಹಿತಕರವಾದದ್ದೂ ಉಂಟು. ಬೆಳೆಗೆ ಹಾಕುವ ಪೊಟ್ಯಾಷ್ ಗೊಬ್ಬರಕ್ಕೆ ನಮ್ಮ ದೇಶವು ವಿದೇಶಗಳನ್ನೇ ಅವಲಂಬಿಸಿದೆ. ಅದು ಬಂದರಿನಲ್ಲಿ ಇಳಿದು, ರೈಲಿನಲ್ಲಿ ಒಳನಾಡಿಗೆ ಬಂದು, ಲಾರಿಯಲ್ಲಿ ಹಳ್ಳಿಯನ್ನು ಸೇರುವುದು. ಬಿತ್ತನೆಯ ಕಾಲಕ್ಕೆ ಬಂದರಿನಲ್ಲಿ ಅಥವಾ ಸ್ಟೇಷನ್ನಿನಲ್ಲಿ ವಿಳಂಬವಾದರೆ ಅದರ ಫಲವು ಹೊಲದಲ್ಲಿ ಕಾಣುವುದು.

ಕೊಳ್ಳೇಗಾಲ ಸೀಮೆಯ ಸ್ಥಿತಿ

ಈ ಸೀಮೆಯ ಸುತ್ತಲೂ ರೈಲು ಬಂದಿದೆ. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿಯೂ ಅಲ್ಲಿಂದ ಚಾಮರಾಜನಗರಕ್ಕೆ 1926ರಲ್ಲಿಯೂ ಮಾರ್ಗಗಳು ತೆರೆದವು. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಮುಂದುವರಿಸುವ ಯೋಜನೆಗೆ ಕಾಡೂ ವನ್ಯಮೃಗಗಳ ರಕ್ಷಣೆಯೂ ಅಡ್ಡಬಂದಿವೆ. ಬೆಂಗಳೂರಿನ ಬಳಿಯ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳ ಮೂಲಕ ಚಾಮರಾಜನಗರಕ್ಕೆ 142 ಕಿಲೋಮೀಟರಿನ ಮಾರ್ಗವು 1996-97ರಲ್ಲಿ ಮಂಜೂರಾಯಿತು. ಕೊಳ್ಳೇಗಾಲಕ್ಕೆ ಹಳಿಯು ಇನ್ನೂ ಬಂದಿಲ್ಲ.

ಇಲ್ಲಿಯ ಅರಿಸಿನವು ಹೋಗುವ ದಾರಿಯನ್ನು ನೋಡಿದರೆ ಇದರ ನಷ್ಟವು ತಿಳಿಯುವುದು. ಚಾಮರಾಜನಗರ ಜಿಲ್ಲೆಯ ಅರಿಸಿನವು ಘಟ್ಟವನ್ನಿಳಿದು ಈರೋಡಿನ ಪೇಟೆಗೆ ಹೋಗುವುದು ವಾಡಿಕೆ. ಈರೋಡು ಮದ್ರಾಸ್ ರೈಲ್ವೆಯ ಆರಂಭದ ಕಾಲದಿಂದಲೂ ರೈಲನ್ನು ಪಡೆದ ಊರು. ಅಲ್ಲಿಂದ ಕೊಚ್ಚಿಗೂ ತೂತ್ತುಕುಡಿಗೂ ಮದ್ರಾಸಿಗೂ ಹಳಿಯುಂಟು. ಹೀಗಾಗಿ ಕೊಳ್ಳುವವರು ಅಲ್ಲಿ ನೆಲೆಸಿದರು, ಮಾರುವವರು ಇಲ್ಲಿಂದ ಅಲ್ಲಿಗೆ ಹೋಗುತ್ತಾರೆ. ಹೋಗುವ ವೆಚ್ಚವು ಮಾರುವವರದೇ.

ಇಂದು ಬೆಳೆಯ ಬಹುಭಾಗವು ಲಾರಿಯಲ್ಲಿ ಸಾಗುವುದಾದರೂ, ದೂರದ ಭಾರವಾದ ಸಾಗಣೆಗೆ ರೈಲೇ ಅಗ್ಗ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರುವ ಕಂಟೈನರ್ ಡಿಪೋದಲ್ಲಿ ಸರಕನ್ನು ಪೆಟ್ಟಿಗೆಗೆ ತುಂಬಿ, ಸುಂಕದ ತಪಾಸಣೆಯನ್ನು ಅಲ್ಲಿಯೇ ಮುಗಿಸಿ, ರೈಲಿನಲ್ಲಿ ಚೆನ್ನೈ ಬಂದರಿಗೆ ಕಳುಹಿಸುವ ಏರ್ಪಾಡುಂಟು. ಬಂದರಿನ ಬಾಗಿಲೇ ಒಳನಾಡಿಗೆ ಬಂದಂತಾಗಿದೆ.

ಗ್ರಾಮದ ಯಜಮಾನರು ಗಮನಿಸತಕ್ಕ ಅಂಶಗಳು

ರೈಲು ಹಾಕಿಸುವುದು ಹಳ್ಳಿಯವರ ಕೈಯಲ್ಲಿರುವ ಕೆಲಸವಲ್ಲ. ಆದರೆ ರೈಲಿನಿಂದಲೂ ಬಂದರಿನಿಂದಲೂ ಲಾಭ ಪಡೆಯಲು ಬೇಕಾದ ಸಿದ್ಧತೆಯು ಅವರ ಕೈಯಲ್ಲಿಯೇ ಇರುವುದು.

ಮೊದಲನೆಯದಾಗಿ, ಸರಕಿನ ಶುದ್ಧತೆ. 1860ರ ದಶಕದಲ್ಲಿ ಹತ್ತಿಗೆ ಬೆಲೆ ಏರಿದಾಗ ಬೀಜ, ಕಸ, ಬೇರೆ ಜಾತಿಯ ಹತ್ತಿಯನ್ನು ಬೆರೆಸುವ ಚಾಳಿ ಹೆಚ್ಚಿ, ಮುಂಬಯಿ ಸರ್ಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯಲು ಕಾಯ್ದೆಯನ್ನೇ ಮಾಡಬೇಕಾಯಿತು. ಅರಿಸಿನದಲ್ಲಿಯೂ ಇದೇ ಎಚ್ಚರಿಕೆ ಬೇಕು. ಕಿತ್ತ ಅರಿಸಿನವನ್ನು ಹದವಾಗಿ ಬೇಯಿಸಿ, ಮುರಿದರೆ ಟಣ್ಣೆನ್ನುವಂತೆ ಒಣಗಿಸಿ, ತಾಯಿಗೆಡ್ಡೆಯನ್ನೂ ಕೊಂಬನ್ನೂ ಬೇರೆಬೇರೆಯಾಗಿ ಚೀಲ ಮಾಡತಕ್ಕದ್ದು. ಹೊಳಪಿಗಾಗಿ ಬಣ್ಣವನ್ನು ಬಳಿಯಲೇಕೂಡದು. ಸೀಸ ಬೆರೆತ ಹಳದಿ ಬಣ್ಣವು ವಿಷ, ಪರೀಕ್ಷೆಯಲ್ಲಿ ಸಿಕ್ಕಿದ ಸರಕು ವಿದೇಶದ ಬಂದರಿನಿಂದ ಹಿಂದಕ್ಕೆ ಬರುವುದು.

ಎರಡನೆಯದಾಗಿ, ಒಟ್ಟುಗೂಡಿ ಸಾಗಿಸುವುದು. ಒಬ್ಬೊಬ್ಬರು ಐದು ಹತ್ತು ಚೀಲಗಳನ್ನು ಬೇರೆಬೇರೆಯಾಗಿ ಕಳುಹಿಸಿದರೆ ಬಾಡಿಗೆಯೂ ದಲ್ಲಾಳಿಯೂ ಹೆಚ್ಚು. ಸಹಕಾರ ಸಂಘದ ಮೂಲಕ ಒಂದೇ ದರ್ಜೆಯ ಸರಕನ್ನು ಲಾರಿಗಟ್ಟಲೆ ಕೂಡಿಸಿದರೆ ಪೇಟೆಯ ವರ್ತಕನೇ ಹಳ್ಳಿಗೆ ಬರುವನು.

ಮೂರನೆಯದಾಗಿ, ಹೊಲದಿಂದ ಹೆದ್ದಾರಿಗೆ ಬರುವ ಬಂಡಿದಾರಿ. ಗ್ರಾಮದ ನಕಾಶೆಯಲ್ಲಿ ಗುರುತಾಗಿರುವ ದಾರಿಗಳು ಅನೇಕ ಕಡೆ ಒತ್ತುವರಿಯಾಗಿ ಕಿರಿದಾಗಿರುತ್ತವೆ. ಸುಗ್ಗಿಯಲ್ಲಿ ತಲೆಹೊರೆಯಲ್ಲಿ ಸಾಗಿಸುವ ಮೊದಲ ಒಂದು ಮೈಲಿಗೆ ತಗಲುವ ಕೂಲಿಯು ಮುಂದಿನ ಲಾರಿಯ ಬಾಡಿಗೆಗಿಂತ ಹೆಚ್ಚಾಗುವುದುಂಟು. ಇದನ್ನು ಮಾತುಕತೆಯಿಂದ ಸರಿಪಡಿಸುವುದು ಯಜಮಾನರಿಂದಲೇ ಸಾಧ್ಯ.

ನಾಲ್ಕನೆಯದಾಗಿ, ಭೂಮಿಯ ದಾಖಲೆ. ರೈಲುಮಾರ್ಗವು ಬಂದರೆ ಕೆಲವರ ಜಮೀನು ಅದಕ್ಕೆ ಸೇರಲೇಬೇಕು. 2013ರ ಭೂಸ್ವಾಧೀನ ಕಾಯ್ದೆಯು ಗ್ರಾಮಾಂತರದ ಜಮೀನಿಗೆ ಮಾರುಕಟ್ಟೆಯ ಬೆಲೆಗಿಂತ ಹೆಚ್ಚಿನ ಪರಿಹಾರಕ್ಕೆ ಅವಕಾಶ ಮಾಡಿದೆ. ಆದರೆ ಖಾತೆಯು ತೀರಿಕೊಂಡ ತಾತನ ಹೆಸರಿನಲ್ಲಿಯೇ ಉಳಿದು, ಅಣ್ಣತಮ್ಮಂದಿರ ಪಾಲು ಕಾಗದಕ್ಕೆ ಬಾರದಿದ್ದರೆ ಪರಿಹಾರದ ಹಣವು ನ್ಯಾಯಾಲಯದಲ್ಲಿ ಕೊಳೆಯುವುದು. ಪಹಣಿ, ಖಾತೆ, ಪೋಡಿಗಳನ್ನು ಈಗಲೇ ಸರಿಪಡಿಸಿಕೊಳ್ಳುವುದು ಉತ್ತಮ. ರೈಲು ಬಾರದಿದ್ದರೂ ಈ ಕೆಲಸವು ವ್ಯರ್ಥವಲ್ಲ. ಬ್ಯಾಂಕಿನ ಸಾಲಕ್ಕೂ ಬೆಳೆವಿಮೆಗೂ ಅದೇ ಆಧಾರವು.

ಕುಮಟೆಯ ವರ್ತಕರಿಗೆ ಹುಬ್ಬಳ್ಳಿಯ ಹತ್ತಿಯು ಎಂದಿಗೂ ತಮ್ಮ ದಾರಿಯಲ್ಲಿಯೇ ಬರುವುದೆಂಬ ನಂಬಿಕೆ ಇದ್ದಿರಬಹುದು. ದಾರಿ ಬದಲಾದ ಮೇಲೆ ಅವರು ಮಾಡಬಹುದಾದದ್ದು ಬಹಳವಿರಲಿಲ್ಲ. ಮಧುವನಹಳ್ಳಿಯ ಸುತ್ತಿನವರಿಗೆ ಇನ್ನೂ ಸಮಯವುಂಟು. ಮುಂದಿನ ಗ್ರಾಮಸಭೆಯಲ್ಲಿ ಮೇಲ್ಕಂಡ ನಾಲ್ಕು ಅಂಶಗಳನ್ನು ಚರ್ಚೆಗೆ ತಂದು, ಕನಿಷ್ಠಪಕ್ಷ ಬಂಡಿದಾರಿಯ ಮತ್ತು ಖಾತೆಯ ಕೆಲಸವನ್ನಾದರೂ ಬರುವ ಅರಿಸಿನದ ಸುಗ್ಗಿಗೆ ಮುಂಚೆ ಆರಂಭಿಸುವುದು ಗ್ರಾಮದ ಯಜಮಾನರ ಕರ್ತವ್ಯವಾಗಿರುತ್ತದೆ.